ಅವನಿಲ್ಲದ ಪುಟಗಳು

ಕೂಸೇ, ದಸರೆ ರಜೆ ಮುಗಿಸಿ ನೀನು ಹಾಸ್ಟೆಲಿಗೆ ಹೊರಟ ಮಧ್ಯಾಹ್ನ ನನ್ನ ದಿಂಬಿನ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿದ್ದೀ, ಲೇಬಲ್ಲಿನ ಮೇಲೆ ಕೆಮಿಸ್ಟ್ರಿ ಎಂದು ನಿನ್ನ ಗುಂಡಕ್ಷರ. ಒಳಗೆ ಕೆಮಿಸ್ಟ್ರಿಯ ಒಂದು ಗೆರೆಯೂ ಇರಲಿಲ್ಲ. ಪಿಯುಸಿ ಸೇರಿದ ಮೇಲೆ ಓದಿದ 14 ಪ್ರೇಮಕಾದಂಬರಿಗಳ ಹೆಸರು, ಒಂದೊಂದರ ಕೆಳಗೆ ಒಂದೆರಡು ಪುಟ ನಿನ್ನ ಮನಸ್ಸಿನ ಮಾತು. ಎಲ್ಲಿ ಅಳು ಬಂತು, ಯಾವ ಪುಟವನ್ನು ಮೂರು ಸಲ ಓದಿದೆ, ಯಾವ ಹುಡುಗನಂಥವನು ನಿಮ್ಮ ಕಾಲೇಜಿನಲ್ಲಿ ಒಬ್ಬನೂ ಇಲ್ಲ, ಎಲ್ಲ ಬರೆದಿದ್ದೀ. ಕೊನೆಯಲ್ಲಿ ಎರಡು ಗೆರೆ ಎಳೆದು ನನಗೇ ಒಂದು ಪ್ರಶ್ನೆ: ಚಿಕ್ಕಜ್ಜಿ, ನೀನು ಲೈಬ್ರರಿಯಲ್ಲಿ ಇದ್ದವಳು, ನೀನೇ ಹೇಳು, ಇವನ್ನೆಲ್ಲ ಓದಿ ನಾನು ಕೆಡುತ್ತಿದ್ದೇನಾ?

ಕೊಯ್ಲು ಶುರುವಾಗಿ ಮನೆ ತುಂಬ ಅಡಿಕೆ ಸುಲಿಯುವವರು. ಹಗಲು ಪುರಸೊತ್ತಾಗದೆ ರಾತ್ರಿ ಓದಿದೆ, ಎರಡು ಸಲ ಓದಿದೆ. ಅದಕ್ಕೇ ಉತ್ತರ ತಡವಾಯಿತು. ಮೊದಲು ನಿನ್ನ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ: ಇಲ್ಲ, ಕೆಡುತ್ತಿಲ್ಲ. ಕೆಮಿಸ್ಟ್ರಿ ಎಂದು ಸುಳ್ಳು ಲೇಬಲ್ ಅಂಟಿಸುವ ಕೆಲಸ ಇನ್ನು ಬಿಡು.

ನಾವು ಕಾದಂಬರಿ ಅನ್ನುತ್ತೇವಲ್ಲ, ಆ ಮಾತೇ ಒಬ್ಬ ಹುಡುಗಿಯ ಹೆಸರು ಎಂದು ನಿನಗೆ ಗೊತ್ತೇ? ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಸಂಸ್ಕೃತದಲ್ಲಿ ಬರೆದ ಗದ್ಯಕಥೆಯ ನಾಯಕಿ ಕಾದಂಬರಿ. ಅದನ್ನು ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಕನ್ನಡಕ್ಕೆ ತಂದ, 'ಕರ್ಣಾಟಕ ಕಾದಂಬರಿ' ಎಂದು. ಇಂಗ್ಲಿಷಿನಿಂದ ನಾವೆಲ್ ಎಂಬ ಹೊಸ ಬಗೆಯ ಬರವಣಿಗೆ ಬಂದಾಗ ನಮ್ಮವರು ಅದಕ್ಕೆ ಇಟ್ಟದ್ದು ಈ ಹುಡುಗಿಯ ಹೆಸರನ್ನೇ. ಮರಾಠಿಯವರೂ ಹಾಗೇ ಮಾಡಿದರು. ಆ ಕಥೆಯಲ್ಲಿ ಇರುವುದೇನು? ಹರೆಯದ ಎರಡು ಜೋಡಿಗಳ ಪ್ರೇಮ, ನೋಡಿದ ಕ್ಷಣದ ತಳಮಳ, ಅಗಲಿಕೆ, ಕಾಯುವುದು. ನೀನು ಹಾಸ್ಟೆಲಿನಲ್ಲಿ ಹೊದಿಕೆಯೊಳಗೆ ಟಾರ್ಚ್ ಹಚ್ಚಿಕೊಂಡು ಓದುವುದು ಕನ್ನಡ ತನ್ನ ನಾವೆಲಿಗೆ ಹೆಸರು ಪಡೆದ ಕಥೆಯ ವಸ್ತುವನ್ನೇ. ನಾಚಿಕೆ ಯಾತಕ್ಕೆ?

ಲೈಬ್ರರಿಯಲ್ಲಿ 30 ವರ್ಷ ಕೂತವಳು ನಾನು. ಯಾವ ಪುಸ್ತಕಕ್ಕೆ ಎಷ್ಟು ಕೈ ತಾಗಿದೆ ಎಂದು ಕಪಾಟಿನ ಎದುರು ನಿಂತರೆ ಕಾಣುತ್ತದೆ. ವಿಮರ್ಶಕರು ಹೊಗಳಿದ ಎಷ್ಟೋ ಪುಸ್ತಕಗಳ ತಾರೀಖಿನ ಚೀಟಿ ಬೆಳ್ಳಗೇ ಉಳಿದಿರುತ್ತಿತ್ತು. ತ್ರಿವೇಣಿ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಇವರ ಪುಸ್ತಕಗಳಿಗೆ ಮಾತ್ರ ಚೀಟಿಯ ಮೇಲೆ ಚೀಟಿ ಅಂಟಿಸಬೇಕು, ಮೂಲೆಗಳು ದುಂಡಗಾಗಿರುತ್ತಿದ್ದವು, ನಡುವೆ ಒಗ್ಗರಣೆಯ ಸಾಸಿವೆ. ಅವನ್ನು ಕೇಳಲು ಬರುವ ಹುಡುಗಿಯರು ಮೊದಲು ಯಾವುದೋ ದೊಡ್ಡ ಹೆಸರಿನ ಪುಸ್ತಕ ಕೇಳಿ, ಆಮೇಲೆ ದನಿ ತಗ್ಗಿಸಿ ನಿಜವಾಗಿ ಬೇಕಾದದ್ದನ್ನು ಕೇಳುತ್ತಿದ್ದರು. ನಮ್ಮ ಲೈಬ್ರರಿ ವಿದ್ಯೆಗೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟಿದ್ದಾರೆ. ಒಬ್ಬೊಬ್ಬ ಓದುಗನಿಗೂ ಅವನದೇ ಪುಸ್ತಕ ಸಿಗಬೇಕು ಎಂಬುದು ಅದರಲ್ಲೊಂದು. ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ದನಿ ತಗ್ಗಿಸುವ ಹುಡುಗಿಯರನ್ನು ನೋಡಿದ ಮೇಲೆ. ಅವರೊಡನೆ ನಾನೂ ದನಿ ತಗ್ಗಿಸಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ಈಗ ನಿನ್ನ ನೋಟ್‌ಬುಕ್ಕಿನ ವಿಷಯ. ಎರಡನೆಯ ಸಲ ಓದುವಾಗ ನನಗೊಂದು ಕಂಡಿತು. ಹದಿನಾಲ್ಕು ಪುಸ್ತಕಗಳಲ್ಲಿ ಹನ್ನೆರಡರ ಬಗ್ಗೆ ನೀನು ಬರೆದಿರುವುದೆಲ್ಲ ಆ ಹುಡುಗನ ಬಗ್ಗೆ. ಅವನ ಕಣ್ಣು, ಅವನು ಆಡಿದ ಮಾತು, ಅವನು ಮಳೆಯಲ್ಲಿ ನಿಂತದ್ದು. ಕಥೆ ಹೇಳುತ್ತಿರುವವಳು ಹುಡುಗಿ, ಆದರೆ ಎಷ್ಟೋ ಕಡೆ ನೀನು ಅವಳ ಹೆಸರನ್ನೇ ಬರೆದಿಲ್ಲ. ಅವಳು ಏನು ಓದುತ್ತಿದ್ದಾಳೆ, ಯಾರ ಜೊತೆ ಜಗಳವಾಡಿದಳು, ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಒಂದೂ ಇಲ್ಲ. ಇದು ನಿನ್ನ ತಪ್ಪಲ್ಲ, ಆ ಪುಸ್ತಕಗಳ ಬೆಳಕೇ ಹಾಗೆ ಬೀಳುತ್ತದೆ. ಆದರೂ ನಾನು ನಿನಗೆ ಹೇಳಬೇಕೆಂದಿರುವುದು ಇದೊಂದೇ: ಇನ್ನು ಮೇಲೆ ಅವನಿಲ್ಲದ ಪುಟಗಳನ್ನು ಓದು. ಪೆನ್ಸಿಲ್ ಹಿಡಿದುಕೊಂಡು ಕೂತು, ಅವನು ಊರಲ್ಲಿಲ್ಲದಾಗ, ಅವನ ಫೋನು ಬಾರದಾಗ, ಅವನು ಬಿಟ್ಟುಹೋದಾಗ ಅವಳು ಏನು ಮಾಡುತ್ತಾಳೆ ಎಂದು ನೋಡಿ ಆ ಪುಟಕ್ಕೆ ಒಂದು ಗುರುತು ಹಾಕು.

ನಿನಗೆ ತುಂಬ ಇಷ್ಟವಾದ ಸ್ಟೆಫನಿ ಮೇಯರ್ ಅವರಿಂದಲೇ ಶುರುಮಾಡು. 2005ರ 'ಟ್ವೈಲೈಟ್' ಆದ ಮೇಲೆ ಮರುವರ್ಷ ಬಂದ 'ನ್ಯೂ ಮೂನ್' ನೀನು ಇಲ್ಲೇ ಜಗುಲಿಯಲ್ಲಿ ಕೂತು ಮುಗಿಸಿದೆ. ಅದರಲ್ಲಿ ಎಡ್ವರ್ಡ್ ತಾನು ಪ್ರೀತಿಸುವ ಬೆಲ್ಲಾಳನ್ನು ಬಿಟ್ಟು ಹೋಗುತ್ತಾನೆ. ಆಮೇಲೆ ಬರುವ ಪುಟಗಳಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂದು ತಿಂಗಳ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಬರೀ ಬಿಳಿ. ಇದನ್ನು ಓದಿ ಎದೆ ಝಲ್ಲೆಂದಿತು ಎಂದು ನೀನು ಬರೆದಿದ್ದೀ. ನನಗೂ ಝಲ್ಲೆಂದಿತು. ನೋವನ್ನು ತೋರಿಸುವ ಜಾಣ ಉಪಾಯ ಅದು, ಲೇಖಕಿಯ ಕೈಚಳಕಕ್ಕೆ ತಲೆದೂಗಬೇಕು. ಆದರೆ ಪುಸ್ತಕ ಮುಚ್ಚಿದ ಮೇಲೆ ನಾನು ಯೋಚಿಸುತ್ತ ಕೂತೆ. ಹದಿನೆಂಟು ತುಂಬಿದ ಹುಡುಗಿಯೊಬ್ಬಳ ನಾಲ್ಕು ತಿಂಗಳು ಕೂಸೇ. ಆ ನಾಲ್ಕು ತಿಂಗಳೂ ಅವಳು ಸ್ಕೂಲಿಗೆ ಹೋಗಿದ್ದಾಳೆ, ಅಪ್ಪನಿಗೆ ಅಡುಗೆ ಮಾಡಿ ಹಾಕಿದ್ದಾಳೆ, ಅಂಗಡಿಯಲ್ಲಿ ಕೆಲಸ ಮಾಡಿದ್ದಾಳೆ. ಅವನಿಲ್ಲ ಎಂಬ ಒಂದು ಕಾರಣಕ್ಕೆ ಅದು ಯಾವುದೂ ಬರೆಯಲು ಯೋಗ್ಯವಾಗಲಿಲ್ಲ. ಎಚ್ಚರವಾದ ಮೇಲಾದರೂ ಅವಳು ಮಾಡುವುದೇನು? ಅಪಾಯಕ್ಕೆ ಇಳಿದರೆ ಅವನ ದನಿ ಕೇಳಿಸುತ್ತದೆ ಎಂದು ಮೋಟಾರ್‌ಸೈಕಲ್ ಹತ್ತುತ್ತಾಳೆ, ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರುತ್ತಾಳೆ. ನಿನ್ನ ನೋಟ್‌ಬುಕ್ಕಿನಲ್ಲಿ ಅದರ ಪಕ್ಕ ಹೃದಯದ ಚಿತ್ರ ಬಿಡಿಸಿದ್ದೀ. ಆ ಚಿತ್ರವನ್ನು ಅಳಿಸು ಎನ್ನುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸು: ಅವಳ ಅಪ್ಪ ಆ ತಿಂಗಳುಗಳಲ್ಲಿ ರಾತ್ರಿ ಹೇಗೆ ನಿದ್ದೆ ಮಾಡಿದ?

ಹಳೆಯ ಕವಿಗಳು ಈ ಜಾಗವನ್ನು ಖಾಲಿ ಬಿಟ್ಟವರಲ್ಲ. ಬಾಣನ ಕಥೆಯಲ್ಲಿ ಮಹಾಶ್ವೇತೆ ಇದ್ದಾಳೆ, ನನಗೆ ಕಾದಂಬರಿಗಿಂತ ಅವಳೇ ಹತ್ತಿರ. ಅಚ್ಛೋದ ಸರೋವರದ ದಡದಲ್ಲಿ ಪುಂಡರೀಕ ಎಂಬ ತಾಪಸ ಹುಡುಗನನ್ನು ನೋಡುತ್ತಾಳೆ, ಅವನ ಕಿವಿಯ ಮೇಲಿನ ಹೂಗೊಂಚಲಿನ ಪರಿಮಳ ಹಿಡಿದು ಅವನ ಹತ್ತಿರ ಹೋಗುತ್ತಾಳೆ. ಅವಳು ಮತ್ತೆ ಹೋಗಿ ಸೇರುವುದರೊಳಗೆ ಅವನು ವಿರಹದಲ್ಲಿ ಸತ್ತಿರುತ್ತಾನೆ. ಮುಂದೆ ಕೂಡುತ್ತೀರಿ, ಕಾದಿರು ಎಂದು ದಿವ್ಯಪುರುಷನೊಬ್ಬ ಹೇಳಿ ಹೋಗುತ್ತಾನೆ. ಅವಳು ಕಾಯುತ್ತಾಳೆ, ಆದರೆ ಕಾಯುವ ಆ ಕಾಲದಲ್ಲಿ ವೀಣೆ ಹಿಡಿದು ಹಾಡುತ್ತಾಳೆ. ರಾಜಕುಮಾರ ಚಂದ್ರಾಪೀಡ ಕಾಡಿನಲ್ಲಿ ದಾರಿ ತಪ್ಪಿ ಅಲೆಯುವಾಗ ಅವನನ್ನು ಕರೆತರುವುದು ಆ ಹಾಡೇ. ಅವಳ ಕತ್ತಲೆಯಿಂದ ಹೊರಟ ದನಿಯಿಂದ ಇಡೀ ಕಥೆ ಮುಂದಕ್ಕೆ ನಡೆಯುತ್ತದೆ. ಇನ್ನೊಂದು ಕಡೆ ಕಾಳಿದಾಸನ ಶಕುಂತಲೆ. ದುಷ್ಯಂತ ರಾಜಧಾನಿಗೆ ಹೋಗಿದ್ದಾನೆ, ಇವಳು ಅವನನ್ನೇ ನೆನೆಯುತ್ತ ಮೈಮರೆತು ಕೂತಿದ್ದಾಳೆ, ಬಾಗಿಲಿಗೆ ಬಂದು ಕೂಗಿದ ದುರ್ವಾಸರ ದನಿ ಕಿವಿಗೆ ಬೀಳುವುದೇ ಇಲ್ಲ. ಅವರು ಶಪಿಸುತ್ತಾರೆ. ಶಾಪ ಸಿಟ್ಟಿನ ಮುನಿಯದ್ದು, ನಿಜ. ಶಿಕ್ಷೆ ತೀರಾ ದೊಡ್ಡದು ಎಂದು ನಾನು ಈಗಲೂ ಶಕುಂತಲೆಯ ಪರವಾಗಿ ವಾದಿಸುತ್ತೇನೆ. ಆದರೆ ಕವಿ ಎಂಥ ಜಾಗದಲ್ಲಿ ಬೆರಳಿಟ್ಟಿದ್ದಾನೆ ನೋಡು. ಪ್ರೀತಿಯಲ್ಲಿರುವ ಹುಡುಗಿಯ ಬಾಗಿಲಿಗೂ ಯಾರೋ ಬರುತ್ತಾರೆ, ಪರೀಕ್ಷೆ ಬರುತ್ತದೆ, ಅಮ್ಮನ ಜ್ವರ ಬರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿನ್ನ ಅಜ್ಜಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಅದನ್ನು ನಾನು ಹೇಳಿದ್ದಿಲ್ಲ.

1974. ಬಿ.ಎ. ಕೊನೆಯ ವರ್ಷ. ಪೇಟೆಯ ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೆ ಹತ್ತು ಪೈಸೆ ಕೊಟ್ಟು ಕಾದಂಬರಿ ತರುತ್ತಿದ್ದೆ. ನಮ್ಮ ಕ್ಲಾಸಿನವನೊಬ್ಬನೂ ತರುತ್ತಿದ್ದ. ನಾನು ಓದಿದ್ದನ್ನು ಅವನಿಗೆ, ಅವನು ಓದಿದ್ದನ್ನು ನನಗೆ ಕೊಟ್ಟುಕೊಳ್ಳುತ್ತ, ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುತ್ತ ಒಂದು ವರ್ಷ ಕಳೆಯಿತು. ಮಾತು ಅಂತ ಆಡಿದ್ದು ಕಡಿಮೆ. ಆಮೇಲೆ ಅವನಿಗೆ ಮುಂಬಯಿಯಲ್ಲಿ ಕೆಲಸವಾಯಿತು. ಮೂರು ಕಾಗದ ಬಂದವು, ನಾಲ್ಕನೆಯದು ಬರಲಿಲ್ಲ. ಹನ್ನೊಂದೂವರೆಗೆ ಪೋಸ್ಟ್‌ಮನ್ ಸೈಕಲ್ಲಿನ ಗಂಟೆ ಕೇಳುವವರೆಗೆ ನನ್ನ ದಿನ ಶುರುವಾಗುತ್ತಿರಲಿಲ್ಲ, ಕೇಳಿದ ಮೇಲೆ ಮುಗಿದೇ ಹೋಗುತ್ತಿತ್ತು. ಒಂದು ಪೇಪರ್ ಬರೆಯದೆ ಪರೀಕ್ಷೆಯ ಹಾಲಿನಿಂದ ಎದ್ದು ಬಂದೆ. ಮುಂದೆ ಅವನ ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ಅವನು ಕೆಟ್ಟವನಲ್ಲ, ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಕೊಟ್ಟಿದ್ದಾನೆ ಎಂದು ನಾನು ನಂಬಿದ್ದೆ, ಯಾಕೆಂದರೆ ನಾನು ಓದಿದ್ದ ಕಾದಂಬರಿಗಳಲ್ಲಿ ಪುಟದ ಅಂಚಿನಲ್ಲಿ ಬರೆದವನು ಮರಳಿ ಬಂದೇ ಬರುತ್ತಿದ್ದ.

ಆ ಹೊತ್ತಿಗೆ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಹಿರಿಯರು ಒಬ್ಬರು ನನ್ನನ್ನು ಕರೆದು, ಏನೂ ಕೇಳದೆ, ಹೊಲಿಗೆ ಬಿಟ್ಟ ನೂರಾರು ಪುಸ್ತಕಗಳ ರಾಶಿ ತೋರಿಸಿ, ಬೈಂಡ್ ಮಾಡಲು ಬರುತ್ತದಾ ಎಂದರು. ಬರುತ್ತಿರಲಿಲ್ಲ. ಕಲಿಸಿದರು. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಹುಳ ಹತ್ತದಂತೆ ಒಂದಿಷ್ಟು ಮೈಲುತುತ್ತ ಹಾಕಿ ಕುದಿಸಬೇಕು. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಔಷಧಿಗೂ ಹಾಕುವುದು ಅದನ್ನೇ ಆದ್ದರಿಂದ ಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಪುಟಗಳನ್ನು ಕಂತೆ ಕಂತೆಯಾಗಿ ಜೋಡಿಸಿ, ಬೆನ್ನಿನಲ್ಲಿ ತೂತು ಮಾಡಿ, ಮೇಣ ಸವರಿದ ದಾರದಲ್ಲಿ ಹೊಲಿಯಬೇಕು. ಮೊದಲ ವಾರ ಬೆರಳೆಲ್ಲ ತೂತು. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದೆ. ಗಂಟೆ ಎರಡಾಗಿತ್ತು. ಪೋಸ್ಟ್‌ಮನ್ ಬಂದು ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಆವತ್ತಿನ ಆ ಹಗುರ ನನಗೆ ಈಗಲೂ ನೆನಪಿದೆ. ಬಿಟ್ಟ ಪೇಪರನ್ನು ಅಕ್ಟೋಬರಿನಲ್ಲಿ ಕಟ್ಟಿದೆ. ಲೈಬ್ರರಿ ಪಾಠಕ್ಕೆ ಸೇರಿದೆ. ಮುಂದಿನದು ನಿನಗೆ ಗೊತ್ತು.

ಆ ರಾಶಿಯಲ್ಲಿ ನಾನು ಹೊಲಿದ ಮೊದಲ ಪುಸ್ತಕಗಳಲ್ಲಿ ಒಂದು ತ್ರಿವೇಣಿಯವರ 'ಬೆಳ್ಳಿ ಮೋಡ'. ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು, 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ, ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾದಿಂದ ಈ ಕಥೆ ಎಲ್ಲರಿಗೂ ಗೊತ್ತು. ಇಂದಿರಾ ಸಾಹುಕಾರರ ಒಬ್ಬಳೇ ಮಗಳು. ಮೋಹನನ ಜೊತೆ ನಿಶ್ಚಯವಾಗುತ್ತದೆ, ಅವನ ವಿದೇಶದ ಓದಿಗೆ ಅವಳ ಅಪ್ಪನೇ ದುಡ್ಡು ಕೊಡುತ್ತಾರೆ. ಅವನು ಹಿಂತಿರುಗುವ ಹೊತ್ತಿಗೆ ಆ ಮನೆಯಲ್ಲಿ ಗಂಡುಮಗು ಹುಟ್ಟಿದೆ, ಹೆತ್ತ ತಾಯಿ ತೀರಿಕೊಂಡಿದ್ದಾಳೆ. ಆಸ್ತಿ ಇಂದಿರೆಗೆ ಬರುವುದಿಲ್ಲ ಎಂದು ಗೊತ್ತಾದಾಗ ಮೋಹನ ಹಿಂದೆ ಸರಿಯುತ್ತಾನೆ. ಆಮೇಲೆ ಅವನಿಗೆ ಪೆಟ್ಟಾಗಿ, ಅವಳೇ ಆರೈಕೆ ಮಾಡಿ, ಅವನ ಮನಸ್ಸು ಕರಗಿ, ಮದುವೆಯಾಗು ಎಂದು ಕೇಳುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಹರೆಯದಲ್ಲಿ ಮೊದಲ ಸಲ ಓದಿದಾಗ ಈ ಅಂತ್ಯ ನನಗೆ ಸಿಟ್ಟು ತರಿಸಿತ್ತು. ಅವನು ಪಶ್ಚಾತ್ತಾಪ ಪಟ್ಟನಲ್ಲ, ಇನ್ನೇನು ಬೇಕು ಇವಳಿಗೆ? ಮೇಣದ ದಾರ ಹಿಡಿದು ಹೊಲಿಯುತ್ತ ಎರಡನೆಯ ಸಲ ಓದಿದಾಗ ಗೊತ್ತಾಯಿತು. ಅವನು ದೂರವಿದ್ದ ಕಾಲದಲ್ಲಿ ಅವಳು ತಾಯಿಯ ಸಾವನ್ನು ಕಂಡಿದ್ದಳು, ಪುಟ್ಟ ತಮ್ಮನನ್ನು ಎತ್ತಿಕೊಂಡಿದ್ದಳು, ಮನೆ ನಡೆಸಿದ್ದಳು. ಆ ಪುಟಗಳಲ್ಲಿ ಅವಳು ಬೆಳೆದುಬಿಟ್ಟಿದ್ದಳು. ಒಲ್ಲೆ ಎಂಬ ಮಾತು ಬಂದದ್ದು ಅಲ್ಲಿಂದ. ಸೇಡಿನಿಂದ ಬಂದದ್ದಲ್ಲ.

ಇಂಗ್ಲಿಷಿನಲ್ಲಿ ಇಂಥದು ಇಲ್ಲ ಎಂದುಕೊಳ್ಳಬೇಡ. ಹರೆಯದವರ ಪ್ರೇಮಕಾದಂಬರಿ ಎನ್ನುವ ಜಾತಿಗೆ ಹಿರಿಯಕ್ಕ ಎನ್ನಬಹುದಾದ ಮೌರೀನ್ ಡೇಲಿಯವರ 'ಸೆವೆಂಟೀನ್ತ್ ಸಮ್ಮರ್' ಬಂದದ್ದು 1942ರಲ್ಲಿ. ಕೆ.ಎಸ್. ನರಸಿಂಹಸ್ವಾಮಿ ಅವರ ಪ್ರೇಮಕವಿತೆಗಳ 'ಮೈಸೂರು ಮಲ್ಲಿಗೆ'ಯೂ ಅದೇ ವರ್ಷ. ಇದು ಬರೀ ಕಾಕತಾಳೀಯ, ಆದರೂ ನೆನೆದಾಗಲೆಲ್ಲ ಖುಷಿಯಾಗುತ್ತದೆ. ಡೇಲಿ ಆಗಿನ್ನೂ ಕಾಲೇಜು ಹುಡುಗಿ. ಕಥೆಯಲ್ಲಿ 17 ವರ್ಷದ ಆಂಜಿ ಒಂದು ಬೇಸಗೆ ರಜೆಯಲ್ಲಿ ಜ್ಯಾಕ್ ಎಂಬವನನ್ನು ಪ್ರೀತಿಸುತ್ತಾಳೆ. ರಜೆ ಮುಗಿಯುತ್ತದೆ, ಅವಳು ಕಾಲೇಜು ಓದಲು ರೈಲು ಹತ್ತುತ್ತಾಳೆ. ಇಷ್ಟೇ. ಯಾರೂ ಸಾಯುವುದಿಲ್ಲ, ಯಾರೂ ಬಂಡೆಯಿಂದ ಹಾರುವುದಿಲ್ಲ.

ನೀನು ದಿಂಬು ಒದ್ದೆ ಮಾಡಿಕೊಂಡು ಓದಿದ ಜಾನ್ ಗ್ರೀನ್ ಅವರ 'ದ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಕೂಡ ನೋಡು. ಹೇಜಲ್‌ಗೆ 16, ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಓಡಾಡಬೇಕಾದ ಕ್ಯಾನ್ಸರ್. ಅಗಸ್ಟಸ್‌ನ ಬಗ್ಗೆ ನೀನು ನಾಲ್ಕು ಪುಟ ಬರೆದಿದ್ದೀ. ಕೊನೆಯ ಕಡೆ ಹೇಜಲ್‌ನ ಅಮ್ಮ ಒಂದು ಗುಟ್ಟು ಹೇಳುತ್ತಾಳಲ್ಲ, ಅದರ ಬಗ್ಗೆ ಒಂದು ಸಾಲೂ ಇಲ್ಲ. ಮಗಳನ್ನು ನೋಡಿಕೊಳ್ಳುತ್ತಲೇ, ಮಗಳಿಗೆ ಗೊತ್ತಾಗದಂತೆ, ಸಮಾಜಕಾರ್ಯದ ಪದವಿಗೆ ಓದುತ್ತಿದ್ದಾಳೆ ಆ ತಾಯಿ. ಮಗಳು ನೊಂದುಕೊಂಡಾಳು ಎಂದು ಮುಚ್ಚಿಟ್ಟಿದ್ದಳು. ಹೇಜಲ್ ನೊಂದುಕೊಳ್ಳುವುದಿಲ್ಲ, ಕುಣಿದಾಡುವಷ್ಟು ಸಂತೋಷಪಡುತ್ತಾಳೆ, ತಾನಿಲ್ಲದ ಮೇಲೂ ಅಮ್ಮನಿಗೊಂದು ಬದುಕಿದೆ ಎಂದು. ನನಗೆ ಇಡೀ ಪುಸ್ತಕದಲ್ಲಿ ಕಣ್ಣು ತುಂಬಿದ್ದು ಅಲ್ಲಿ. ಆಮ್‌ಸ್ಟರ್‌ಡ್ಯಾಮಿನ ಮುತ್ತಿನ ಪುಟವೂ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಜೆನ್ನಿ ಹ್ಯಾನ್ ಅವರ ಕಾದಂಬರಿಯ ಲಾರಾ ಜೀನ್‌ಳನ್ನೂ ಹೀಗೇ ಓದು: ತಾಯಿಯಿಲ್ಲದ ಮನೆ, ಅಕ್ಕ ಸ್ಕಾಟ್‌ಲೆಂಡಿಗೆ ಓದಲು ಹೋಗಿದ್ದಾಳೆ, ತಂಗಿಯನ್ನು ನೋಡಿಕೊಳ್ಳಬೇಕು, ಕಾರು ಓಡಿಸಲು ಹೆದರಿಕೆ. ಕಳಿಸಬಾರದೆಂದು ಬರೆದ ಐದು ಪ್ರೇಮಪತ್ರಗಳು ಅಂಚೆಗೆ ಬಿದ್ದ ಕಥೆ ಮೇಲಿನದು. ಸ್ಟಿಯರಿಂಗ್ ಹಿಡಿದಾಗ ಅವಳ ಕೈ ಬೆವರುವುದು ಒಳಗಿನದು.

ಇನ್ನೊಂದು ವಿಷಯದಲ್ಲಿ ನಾನು ಖಡಾಖಂಡಿತವಾಗಿ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. 'ಟ್ವೈಲೈಟ್'ನಲ್ಲಿ ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಳ ಕೋಣೆಗೆ ಅವಳಿಗೆ ಗೊತ್ತಿಲ್ಲದೆ ಬಂದು ಅವಳು ಮಲಗಿರುವುದನ್ನು ನೋಡುತ್ತ ಕೂತಿರುತ್ತಾನೆ. ಅದರ ಪಕ್ಕ ನೀನು ಎಷ್ಟು ಪ್ರೀತಿ ಎಂದು ಬರೆದಿದ್ದೀ. ನಮ್ಮ ಈ ಮನೆಯಲ್ಲಿ ಮುಕ್ಕಾಲು ಬಾಗಿಲುಗಳಿಗೆ ಚಿಲಕವಿರಲಿಲ್ಲ. ನನ್ನ ಅಪ್ಪಯ್ಯ, ತಾನೇ ಕಟ್ಟಿಸಿದ ಮನೆಯಲ್ಲಿ, ಹೆಂಗಸರಿರುವ ಒಳಕೋಣೆಗೆ ಬರುವ ಮುಂಚೆ ಹೊಸ್ತಿಲಾಚೆ ನಿಂತು ಕೆಮ್ಮುತ್ತಿದ್ದರು. ಬಂದೆ ಎಂದು ತಿಳಿಸಿ, ಬರಲೇ ಎಂದು ಕೇಳಿದಂತೆ. ಕೆಮ್ಮದೆ ಒಳಗೆ ಬಂದವನು ಎಷ್ಟು ಸುಂದರನಾದರೂ, ಎಂಬತ್ತಕ್ಕೂ ಹೆಚ್ಚು ವರ್ಷದಿಂದ ಹದಿನೇಳರಲ್ಲೇ ನಿಂತಿರುವ ರಕ್ತಪಿಶಾಚಿಯಾದರೂ, ನಾನು ಎದ್ದು ದೀಪ ಹಾಕುತ್ತೇನೆ. ನಿನ್ನ ಫೋನಿನ ಪಾಸ್‌ವರ್ಡ್ ಕೇಳುವವನು, ಯಾರ ಜೊತೆ ಮಾತಾಡಿದೆ ಎಂದು ಲೆಕ್ಕ ಕೇಳುವವನು, ಫೋಟೋ ಕಳಿಸು ಎಂದು ಪೀಡಿಸುವವನು, ಇವರೂ ಕೆಮ್ಮದೆ ಬಂದವರೇ.

ಆ ಪುಸ್ತಕಗಳಲ್ಲಿ ಇಲ್ಲದ ನಮ್ಮ ಊರಿನ ಮಾತೂ ಒಂದಿದೆ. ಅಲ್ಲಿ ಹದಿನಾರು ಹದಿನೇಳರವರು ಕೈಹಿಡಿದು ಎಲ್ಲಿಗೋ ಹೋಗುತ್ತಾರೆ. ಇಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರು ಹೂಂ ಎಂದರೂ ಕಾನೂನು ಅದನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಹುಡುಗ ಒಳ್ಳೆಯವನೇ ಇರಬಹುದು, ಅವನ ಬದುಕೂ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ, ನಿನ್ನ ವಯಸ್ಸಿನವರಿಗೆ ಯಾರೂ ಹೇಳುವುದಿಲ್ಲವೆಂದು ಹೇಳುತ್ತಿದ್ದೇನೆ. ಯಾರಾದರೂ ತೊಂದರೆ ಕೊಟ್ಟರೆ 1098ಕ್ಕೆ ಫೋನ್ ಮಾಡು, ಅದಕ್ಕೂ ಮುಂಚೆ ನನಗೆ ಮಾಡು. ಏನೇ ಆಗಿರಲಿ, ನಾನು ಬೈಯುವುದಿಲ್ಲ.

ಇನ್ನು ನಿನ್ನ ಅಮ್ಮನ ವಿಷಯ. ಮಗಳು ರಾತ್ರಿ ಎರಡು ಗಂಟೆಯವರೆಗೆ ಫೋನಿನಲ್ಲಿ ಓದುತ್ತಾಳೆ, ಸಿಇಟಿಗೆ ಏನು ಗತಿ ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಳು. ಅವಳ ಚಿಂತೆ ಸುಳ್ಳಲ್ಲ. ಓದುವುದಾದರೆ ಹಗಲಲ್ಲಿ ಓದು, ಎಲ್ಲರೆದುರು ಓದು, ಒಂದು ಪುಸ್ತಕ ಮುಗಿದ ಮೇಲೆ ಒಂದು ವಾರ ಬಿಟ್ಟು ಇನ್ನೊಂದು ಹಿಡಿ. ಹಲಸಿನ ಹಣ್ಣಾದರೂ ಒಂದೇ ದಿನ ಇಡೀ ತಿಂದರೆ ಹೊಟ್ಟೆ ಕೇಳುತ್ತದೆಯೇ? ವಿಜ್ಞಾನ ಓದುವವರಿಗೆ ಇದೆಲ್ಲ ಹೊಂದುವುದಿಲ್ಲ ಎನ್ನುವವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡ. 'ದ ಕಿಸ್ಸಿಂಗ್ ಬೂತ್' ಬರೆದ ಬೆತ್ ರೀಕಲ್ಸ್ ವೇಲ್ಸ್‌ನ ಹುಡುಗಿ, 15ರ ವಯಸ್ಸಿನಲ್ಲಿ ಅದನ್ನು ವಾಟ್‌ಪ್ಯಾಡಿನಲ್ಲಿ ಕಂತು ಕಂತಾಗಿ ಹಾಕಿದಳು, ಆಮೇಲೆ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದಳು. ಆ ಪುಸ್ತಕ ನನಗೆ ಅಷ್ಟು ಹಿಡಿಸಲಿಲ್ಲ. ಬರೆದವಳು ಹಿಡಿಸಿದಳು.

ಕೊನೆಯ ಪುಟದಲ್ಲಿ ನೀನೊಂದು ದೂರು ಬರೆದಿದ್ದೀ: ಈ ಪುಸ್ತಕಗಳ ಹುಡುಗಿಯರಿಗೆಲ್ಲ ಸ್ವಂತ ರೂಮು, ಸ್ವಂತ ಕಾರು, ಹಿಮ ಬೀಳುವ ಬೀದಿ, ನನ್ನಂಥವಳ ಕಥೆ ಎಲ್ಲಿದೆ? ನೋಟ್‌ಬುಕ್ಕಿನ ಅತ್ಯುತ್ತಮ ಸಾಲು ಇದೇ. ನಮ್ಮ ಗುಡ್ಡಗಳದೇ ಕಥೆ ಬೇಕಿದ್ದರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇದೆ, 1967ರದು. ದಪ್ಪ ನೋಡಿ ಹೆದರಬೇಡ. ಪೀಂಚಲು ಐತ, ಗುತ್ತಿ ತಿಮ್ಮಿ, ಚಿನ್ನಮ್ಮ ಮುಕುಂದಯ್ಯ, ಎಲ್ಲರೂ ನಿನ್ನ ವಯಸ್ಸಿನ ಆಚೀಚೆಯವರೇ. ಬೇಡದ ಮದುವೆ ತಪ್ಪಿಸಿಕೊಳ್ಳಲು ಚಿನ್ನಮ್ಮ ಕತ್ತಲೆಯಲ್ಲಿ ಮನೆ ಬಿಟ್ಟು ಕಾಡಿಗಿಳಿಯುವ ಭಾಗವನ್ನು ಓದು. ನಮ್ಮ ಹಿತ್ತಲಿನಾಚೆಗಿನ ಅದೇ ಕಾಡು, ಅದೇ ಮಳೆ. ಆದರೆ ಇವತ್ತಿನ ಹಾಸ್ಟೆಲು, ಮೆಸ್ಸಿನ ತಿಳಿಸಾರು, ಬಸ್ ಸ್ಟ್ಯಾಂಡಿನಲ್ಲಿ ನೋಡಿಯೂ ನೋಡದಂತೆ ನಿಲ್ಲುವ ಹುಡುಗ, ರಿಚಾರ್ಜ್ ಮುಗಿದ ಫೋನು, ಇವುಗಳ ಕಥೆ ಕನ್ನಡದಲ್ಲಿ ನಿನ್ನ ವಯಸ್ಸಿನವರಿಗೆ ಸಾಲುವಷ್ಟು ಬಂದಿಲ್ಲ. ಲೈಬ್ರರಿಯಲ್ಲಿ ಕೂತು ಆ ಖಾಲಿ ಕಪಾಟನ್ನು ನಾನು ಬಹಳ ವರ್ಷ ನೋಡಿದ್ದೇನೆ. ಕೇಳಿ ಬಂದ ಹುಡುಗಿಯರಿಗೆ ಕೊಡಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಬೇಡವಾದರೆ ರಬ್ಬರಿನಲ್ಲಿ ಅಳಿಸು. ಸಂಕ್ರಾಂತಿಗೆ ಬರುವಾಗ ಬೆನ್ನು ಮುರಿದ ಆ 'ನ್ಯೂ ಮೂನ್' ತಾ, ಪುಟಗಳು ಉದುರಲು ಶುರುವಾಗಿವೆ. ಮೈಲುತುತ್ತ ಮನೆಯಲ್ಲಿದೆ, ಮೇಣದ ದಾರ ಪೇಟೆಯಿಂದ ತರಿಸಿಡುತ್ತೇನೆ. ಹೊಲಿಯುವುದು ನೀನು, ಅಂಟು ಕುದಿಸುವುದು ನಾನು. ನನ್ನ 'ಬೆಳ್ಳಿ ಮೋಡ' ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ಅದರ ಕೊನೆಯ ಕಂತೆಯ ಹೊಲಿಗೆ ಸ್ವಲ್ಪ ಸೊಟ್ಟಗಿದೆ, ಆವತ್ತು ನನಗೆ ಸರಿಯಾಗಿ ಬರುತ್ತಿರಲಿಲ್ಲ.